ಬಟ್ಟೆ ತಂತಿಯ ವಿಜ್ಞಾನಿ

ಕಂಪ್ಲಿಯ ನೀಲಗಂಗಮ್ಮನ ತಮ್ಮ ಚನ್ನಯ್ಯ ಮುಂಬಯಿಯಲ್ಲಿ ದೊಡ್ಡ ವಿಜ್ಞಾನಿ. ಅವನು ದೀಪಾವಳಿಗೆ ಬರುತ್ತಾನೆಂದು ಕಾಗದ ಬಂದರೆ ಆಕೆ ಮೊದಲು ಮಾಡುವ ಕೆಲಸ ಹಿತ್ತಲಿನ ತಂತಿಯ ಮೇಲಿನ ಬಟ್ಟೆ ತೆಗೆಯುವುದು. ಯಾರಾದರೂ ಪಾಪ, 'ಏನು ಕೆಲಸ ಮಾಡ್ತೀರ್ರಿ?' ಎಂದರೆ ಸಾಕು, ಚನ್ನಯ್ಯ ಅವರನ್ನು ಹಿತ್ತಲಿಗೆ ಎಳೆದೊಯ್ದು, 'ಈ ಜಗತ್ತೆಲ್ಲಾ ಹಿಂಗ ನಡುಗೋ ಸಣ್ಣ ಸಣ್ಣ ತಂತಿ ನೋಡ್ರಿ' ಎಂದು ಅದನ್ನು ಮೀಟುತ್ತಾನೆ, ಒಗೆದ ಸೀರೆ ಮಣ್ಣು ಪಾಲಾಗುತ್ತದೆ. ಉದ್ದ, ಅಗಲ, ಎತ್ತರದ ಜೊತೆಗೆ ಇನ್ನೂ ಆರು ಆಯಾಮಗಳು ಸುರುಳಿ ಸುತ್ತಿಕೊಂಡು ಅಡಗಿವೆ ಎನ್ನುತ್ತಾನೆ. 'ನೀವು ಕಂಡೀರೇನ್ರಿ?' ಎಂದು ಅಕ್ಕಿ ಗಿರಣಿಯ ದೊಡ್ಡಬಸಪ್ಪ ಕೇಳಿದರೆ, 'ಯಾರೂ ಕಂಡಿಲ್ರಿ!' ಎಂದು ಹೆಮ್ಮೆಯಿಂದಲೇ ಹೇಳುತ್ತಾನೆ. ವಿಜ್ಞಾನಿಯಲ್ಲವೇ ಎಂದು ಓಣಿಯವರು ಕೆಟ್ಟ ರೇಡಿಯೋ ತಂದುಕೊಟ್ಟರೆ ಬಿಚ್ಚುತ್ತಾನೆ. ಬಿಚ್ಚಿದ್ದು ಮತ್ತೆ ಕೂಡುವುದಿಲ್ಲ. ಇಂಥ ಮಾತುಗಾರ ಗದ್ದೆಗೆ ಹೋದಾಗ ಮಾತ್ರ ಬಾಯಿ ಮುಚ್ಚಿ ಪಂಪ್‌ಸೆಟ್ಟಿನ ಮುಂದೆ ಕೂರುತ್ತಾನೆ, ಸ್ಟಾರ್ಟರಿನ ಬಟನ್ ತಾನೇ ಒತ್ತುತ್ತಾನೆ, ಪೈಪಿನಿಂದ ನೀರು ಧುಮುಕಿದೊಡನೆ ಚಪ್ಪಾಳೆ ತಟ್ಟುತ್ತಾನೆ. ಈ ಸಲ ಜೊತೆಗೆ ಹೋಗಿದ್ದ ನೀಲಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ. 'ನೀರು ಬಂದ್ರ ಇಷ್ಟು ಖುಷಿ ಯಾಕಪಾ?' ಎಂದಳು. 'ಬಟನ್ ಒತ್ತಿದ್ರ ಸರಿನೋ ತಪ್ಪೋ ಇಲ್ಲೇ ಗೊತ್ತಾಗತೈತಲ್ಲಕ್ಕ. ನಾ ಇಷ್ಟು ವರ್ಷ ಮಾಡಿದ ತಂತಿ ಲೆಕ್ಕ ಸರಿ ಐತೋ ಇಲ್ಲೋ, ನಾ ಸಾಯೋದ್ರೊಳಗ ಗೊತ್ತಾಗಂಗಿಲ್ಲ' ಎಂದ ಚನ್ನಯ್ಯ, ನೀರನ್ನೇ ನೋಡುತ್ತಾ. ಮನೆಗೆ ಬಂದವಳೇ ನೀಲಗಂಗಮ್ಮ, ಬೆಳಿಗ್ಗೆ ಒಗೆದಿಟ್ಟಿದ್ದ ಹಬ್ಬದ ಸೀರೆಯನ್ನು ಹಿತ್ತಲಿನ ತಂತಿಗೆ ಹರವಿ ಕರೆದಳು: 'ಬಾರಪಾ ತಮ್ಮಾ, ಹೆಂಗ ನಡುಗತೈತಿ ಇನ್ನೊಮ್ಮೆ ತೋರಿಸು.'