ಹೋಳಿಗೆ ತಿನ್ನುವ ಎತ್ತಿನ ಫೋಟೊ

ಆ ಕಾರಹುಣ್ಣಿಮೆಗೂ ಅಪ್ಪ ನಮ್ಮ ಎತ್ತಿಗೆ ಹೋಳಿಗೆ ತಿನ್ನಿಸುತ್ತಿದ್ದ. ಹಿಂಡಿ ಅಂಗಡಿಯ ಕ್ಯಾಲೆಂಡರಿಗೆ ಅದರ ಫೋಟೊ ತೆಗೆಯಲು ಹುಮನಾಬಾದಿನಿಂದ ಸ್ಟುಡಿಯೋದವನು ಬಂದಿದ್ದ. ಸಗಣಿ ತುಳಿಯಲೂ ಹೇಸುವ ಮನುಷ್ಯ.

“ಕಾಕಾ, ಬಾಜೂ ಸರೀರಿ. ಎತ್ತು ಒಂದೇ ಬರಬೇಕು.”

“ನಾ ಸರಿದ್ರ ಅದು ತಿನ್ನಂಗಿಲ್ಲಪ್ಪ. ನೀ ತಿನಸ್ತೀಯೇನು?” ಎಂದು ಅಪ್ಪ ನಕ್ಕ.

ಅವನಿಗೆ ಆ ಧೈರ್ಯವಿರಲಿಲ್ಲ. ಅಪ್ಪನ ಮುಂಗೈಯಷ್ಟೇ ಬರುವಂತೆ ಫೋಟೊ ತೆಗೆದುಕೊಂಡು ಹೋದ.

ಮರುದಿನ ಹೊಲದಲ್ಲಿ ಎದೆನೋವು ಬಂದು ಅಪ್ಪ ತೀರಿಕೊಂಡ. ಹಾರ ಹಾಕಲು ಮನೆಯಲ್ಲಿ ಒಂದೂ ಫೋಟೊ ಇರಲಿಲ್ಲ. ಸ್ಟುಡಿಯೋಗೆ ಹೋದರೆ ಆ ಮಹಾಶಯ ಎತ್ತಿನ ಚಿತ್ರವನ್ನೇ ಹೆಮ್ಮೆಯಿಂದ ಮುಂದಿಟ್ಟ.

“ಜೊಲ್ಲು ನೋಡ್ರಿ, ಹ್ಯಾಂಗ ಹೊಳ್ಯಾಕತ್ತದ.”

ಜೊಲ್ಲು ಕಂಡ ಅವನ ಕಣ್ಣಿಗೆ ತಿನ್ನಿಸುವವನು ಕಂಡಿರಲಿಲ್ಲ.

ಅಪ್ಪನ ಮುಖದ ಫೋಟೊ ನಮ್ಮಲ್ಲಿ ಇಂದಿಗೂ ಇಲ್ಲ.