ನಾನು ಬರೆದೆ, ಶಿವಮೂರ್ತಿ ಗೆದ್ದ

ಗೆಳೆಯರೇ, ಇದು ನನ್ನ ಹೆಸರಿನಲ್ಲೇ ಹೋಗುತ್ತಿದೆಯೇ ಎಂದು ಎರಡು ಸಲ ನೋಡಿಕೊಂಡೆ. ಕಾರಣವಿದೆ.

ಬೆಳಿಗ್ಗೆ ಹೊಸದುರ್ಗದ ಸೈಬರ್ ಸೆಂಟರಿನಲ್ಲಿ ಒಂದು ಗಂಟೆ ಒಂದೇ ಬೆರಳಿನಲ್ಲಿ ಕುಟ್ಟಿ, ನಮ್ಮ ಹೀರೋನನ್ನು ಹಳಿಯುವವರಿಗೆ ಅಭಿಮಾನಿಗಳ ಕಮ್ಯುನಿಟಿಯಲ್ಲಿ ಉದ್ದನೆಯ ಉತ್ತರ ಹಾಕಿದೆ. ಹಾಕಿದ ಮೇಲೆ ನೋಡಿದರೆ ಅದರ ಮೇಲೆ ಕೊಬ್ಬರಿ ಅಂಗಡಿ ಶಿವಮೂರ್ತಿಯ ಹೆಸರು. ಎದುರಾಳಿ ಹೀರೋನ ಅಭಿಮಾನಿಗಳ ಮುಖಂಡ ಅವನೇ; ಜಗಳ ಆಡಲೆಂದೇ ನಮ್ಮ ಕಮ್ಯುನಿಟಿಗೂ ಸೇರಿಕೊಂಡಿದ್ದ. ನನಗಿಂತ ಮೊದಲು ಆ ಕಂಪ್ಯೂಟರಿನಲ್ಲಿ ಕುಳಿತಿದ್ದ ಅವನು ಲಾಗೌಟ್ ಮಾಡದೆ ಎದ್ದು ಹೋಗಿದ್ದ. ಅಳಿಸಬೇಕು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ಅವನ ಖಾತೆ ತಾನಾಗಿಯೇ ಲಾಗೌಟ್ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ನಮ್ಮವರೆಲ್ಲ, "ಶಿವಮೂರ್ತಿಗೆ ಕೊನೆಗೂ ಬುದ್ಧಿ ಬಂತು ನೋಡಪ್ಪ" ಎಂದು ಹೊಗಳುತ್ತಿದ್ದರು. ಅದು ನನ್ನ ಬರಹ ಎಂದು ಹಾಕಿದೆ. ಚಿತ್ರದುರ್ಗದ ಮಾಡರೇಟರ್ ಬರೆದ, "ಹೊಟ್ಟೆಕಿಚ್ಚು ಬಿಡ್ರಿ. ನಿಮಗೆ ಇಷ್ಟು ಚೆಂದ ಬರೆಯಾಕೆ ಎಲ್ಲಿ ಬರ್ತೈತೆ."

ಶಿವಮೂರ್ತಿಯ ಅಂಗಡಿಗೇ ಹೋಗಿ ಕೇಳಿದೆ. ಅವನು ತಕ್ಕಡಿಯಿಂದ ತಲೆ ಎತ್ತಲಿಲ್ಲ. "ಅದನ್ನ ಓದಿ ನಮ್ಮೋರು ನನ್ನ ಕಿತ್ತಾಕಿದ್ರು. ಇನ್ನು ನಿಮ್ಮೋರೇ ಗತಿ ಕಣಣ್ಣ. ಇರ್ಲಿ ಬಿಡು."

ಈಗಷ್ಟೇ ಅವನನ್ನು ನಮ್ಮ ಕಮ್ಯುನಿಟಿಯ ಎರಡನೇ ಮಾಡರೇಟರ್ ಮಾಡಿದ್ದಾರೆ. ಆ ಹುದ್ದೆಯಲ್ಲಿ ಅವನು ಮಾಡಿದ ಮೊದಲ ಕೆಲಸ, ನನ್ನ ತಕರಾರನ್ನು ಅಳಿಸಿದ್ದು.