ಉಸಗಾಂವದ ಗೂಢಚಾರರ ಹೊಟೇಲು

೨೦೦೪ರಲ್ಲಿ ನಾನು ಒಂದು ಹಿಂದಿ ಟಿ.ವಿ. ಧಾರಾವಾಹಿಯ ಕಲಾ ನಿರ್ದೇಶಕನಾಗಿದ್ದೆ. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಮುಂಬೈಯ ಸ್ಟುಡಿಯೋಗಳಲ್ಲಿ ಬಹಳ ವರ್ಷ ದುಡಿದು, ಕೊನೆಗೆ ಮಡಗಾಂವದಲ್ಲಿ ಮನೆ ಮಾಡಿಕೊಂಡಿದ್ದೆ. ಕಲಾ ನಿರ್ದೇಶಕನೆಂದರೆ ಚಿತ್ರ ಬರೆಯುವವನು ಎಂದು ನನ್ನ ನೆಂಟರು ಇಂದಿಗೂ ತಿಳಿದಿದ್ದಾರೆ. ಕಥೆ ನಡೆಯುವ ಮನೆ, ಅಂಗಡಿ, ಓಣಿಗಳನ್ನು ಕಟ್ಟಿ, ಒಳಗೆ ಆ ಕಾಲದ ಕುರ್ಚಿ, ದೀಪ, ಪರದೆಗಳನ್ನು ಹೊಂದಿಸಿ ಕ್ಯಾಮೆರಾಗೆ ಒಪ್ಪಿಸುವುದು ನನ್ನ ಕೆಲಸ. ಶೂಟಿಂಗ್ ಮುಗಿದ ಮರುದಿನ ಅದೆಲ್ಲವನ್ನೂ ಕಿತ್ತುಹಾಕಬೇಕು. ಅದೂ ನನ್ನದೇ ಕೆಲಸ.

ಧಾರಾವಾಹಿಯ ಕಥೆ ಎರಡನೆಯ ಮಹಾಯುದ್ಧದ ಕಾಲದ್ದು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಪೋರ್ಚುಗಲ್ ಯುದ್ಧದಲ್ಲಿ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ. ಹೀಗಾಗಿ ಹೊರಗೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಎರಡು ಪಕ್ಷಗಳ ಜನ ಇಲ್ಲಿ ಒಂದೇ ಹೊಟೇಲಿನಲ್ಲಿ ಊಟಕ್ಕೆ ಕೂರಬಹುದಿತ್ತು. ನಮ್ಮ ಕಥೆ ಹುಟ್ಟಿದ್ದು ಅಲ್ಲಿಂದಲೇ. ಬಂದರಿನ ಪಕ್ಕದ ಒಂದು ಹೊಟೇಲು, ಅಲ್ಲಿ ಟೈಪಿಸ್ಟ್ ಎಂದು ಹೇಳಿಕೊಂಡು ಉಳಿದ ಒಬ್ಬ ಗೂಢಚಾರಿಣಿ, ಅವಳ ಕೋಣೆಯಲ್ಲಿ ಬಚ್ಚಿಟ್ಟ ವೈರ್‌ಲೆಸ್ ಯಂತ್ರ, ಅವಳ ಬೆನ್ನು ಹತ್ತಿದ ಒಬ್ಬ ಅಧಿಕಾರಿ.

ನಿರ್ದೇಶಕಿ ವಸುಧಾ ಮೇಡಂ. ಹುಟ್ಟಿದ್ದು ಬೆಳಗಾವಿಯಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಆಗ ಅವರಿಗೆ ಐವತ್ತು ದಾಟಿತ್ತು. ಸೆಟ್ಟಿನಲ್ಲಿ ಎಲ್ಲರೊಡನೆ ಹಿಂದಿ, ನನ್ನೊಡನೆ ಮಾತ್ರ ಕನ್ನಡ. ಮೊದಲ ದಿನ ನಾನು ಹೊಟೇಲಿನ ನಕ್ಷೆ ತೋರಿಸಿದಾಗ ಅವರು ಬಣ್ಣ, ಕಂಬ, ಕಮಾನು ಯಾವುದನ್ನೂ ಕೇಳಲಿಲ್ಲ. "ಈ ಬಾಗಿಲದಾಗ ನಿಂತಾಂವಗ ಯಾವ ಯಾವ ಬಾಗಿಲಾ ಕಾಣತಾವ, ಅದನ್ನ ಹೇಳು ಶ್ರೀಪಾದ," ಎಂದರು. ಗೂಢಚಾರರ ಕಥೆಯಲ್ಲಿ ಬಂದೂಕಿಗಿಂತ ಬಾಗಿಲು ಮುಖ್ಯ, ಯಾರು ಯಾರಿಗೆ ಕಾಣುತ್ತಾರೆ, ಯಾರ ಮಾತು ಯಾರಿಗೆ ಕೇಳುತ್ತದೆ ಎಂಬುದರ ಮೇಲೆಯೇ ಪ್ರೇಕ್ಷಕನ ಎದೆ ಬಡಿಯುವುದು ಎಂಬುದು ಅವರ ನಂಬಿಕೆ. ನಕ್ಷೆಯನ್ನು ಅವರೊಡನೆ ಕೂತು ಮತ್ತೆ ಮತ್ತೆ ತಿದ್ದಿದೆ. ಅಷ್ಟು ಕಲಿತದ್ದು ಯಾವ ಶಾಲೆಯಲ್ಲೂ ಇಲ್ಲ.

ಮಳೆಗಾಲದಲ್ಲೇ ಶೂಟಿಂಗ್ ಮುಗಿಸಬೇಕಾಗಿದ್ದುದರಿಂದ ಫೋಂಡಾ ತಾಲೂಕಿನ ಉಸಗಾಂವದಲ್ಲಿ ಒಂದು ಖಾಲಿ ಗೋದಾಮು ಹಿಡಿದೆವು. ಅದರ ಮಾಲೀಕರು ಅದಿರು ಲಾರಿಗಳ ವ್ಯವಹಾರದಲ್ಲಿದ್ದ ವಯಸ್ಸಾದ ಗೋವೇಕಾರರು. ಹೊಟೇಲನ್ನು ಗೋದಾಮಿನ ಒಳಗೆ ಫ್ಲಾಟುಗಳಿಂದ ಕಟ್ಟಿದೆವು. ಫ್ಲಾಟ್ ಎಂದರೆ ಪ್ಲೈವುಡ್ಡಿನ ಗೋಡೆ. ಕ್ಯಾಮೆರಾ ಕಡೆಗೆ ಸುಣ್ಣ, ಬಣ್ಣ, ನೂರು ವರ್ಷದ ಬಿರುಕು. ಹಿಂದೆ ಬರೀ ಆನಿಕೆಯ ಮರ. ಪ್ರತಿ ಕೋಣೆಗೂ ಮೂರೇ ಗೋಡೆ, ನಾಲ್ಕನೆಯ ಕಡೆ ಕ್ಯಾಮೆರಾ. ಹೊರಗಿನ ಅಂಗಳದಲ್ಲಿ ಮಾತ್ರ ಗಟ್ಟಿ ಕಟ್ಟಡವೊಂದನ್ನು ಕಟ್ಟುವುದಿತ್ತು. ಗೂಢಚಾರಿಣಿ ಮತ್ತು ಅಧಿಕಾರಿ ಮೊದಲ ಬಾರಿ ಮುಖಾಮುಖಿಯಾಗುವ ದೃಶ್ಯಕ್ಕೆ, ಸುತ್ತ ಖರೇ ಮಳೆ ಸುರಿಯುವ ಒಂದು ಕೆಫೆ. ಅದಕ್ಕಾಗಿ ಕೆಂಪುಕಲ್ಲು, ಹೆಂಚು, ಸಾಗವಾನಿ ಕಂಬಗಳು ಬಂದು ಬಿದ್ದಿದ್ದವು. ಇಡೀ ಧಾರಾವಾಹಿಯಲ್ಲಿ ನಾನು ಹೆಚ್ಚು ಆಸೆ ಇಟ್ಟುಕೊಂಡಿದ್ದುದು ಆ ಕೆಫೆಯ ಮೇಲೆ.

ಬಡಗಿಗಳ ಮುಖ್ಯಸ್ಥ ಮಾನಪ್ಪ ಬಡಿಗೇರ, ಬಾಗಲಕೋಟೆ ಕಡೆಯವನು. ವಾಸ್ಕೋದ ಬಾಯ್ನಾ ಸಮುದ್ರತೀರದಲ್ಲಿ ಹೆಂಡತಿ ಗಂಗವ್ವ, ಮಗಳು ರೇಣುಕಾ, ತಮ್ಮನ ಸಂಸಾರದೊಡನೆ ಇಪ್ಪತ್ತು ವರ್ಷದಿಂದ ಇದ್ದ. ಆ ಜೂನ್‌ನಲ್ಲಿ, ಮಳೆ ಹಿಡಿದ ಹೊತ್ತಿಗೇ, ಬಾಯ್ನಾದ ವಸತಿಯನ್ನು ಸರ್ಕಾರ ಕೆಡವಿ ತೆರವು ಮಾಡಿಸಿತು. ಮರುದಿನ ಮಾನಪ್ಪ ಕೆಲಸಕ್ಕೆ ಬರಲಿಲ್ಲ. ನಾನು ಸೆಟ್ಟಿನ ಟೆಂಪೋ ತೆಗೆದುಕೊಂಡು ವಾಸ್ಕೋಗೆ ಹೋದೆ.

ರಸ್ತೆಯ ಬದಿಯಲ್ಲಿ ತಾಡಪಾಲಿನ ಕೆಳಗೆ ಪಾತ್ರೆ, ಹಾಸಿಗೆ, ದೇವರ ಫೋಟೋಗಳ ನಡುವೆ ಅವರೆಲ್ಲ ಕೂತಿದ್ದರು. ಮಾನಪ್ಪ ತನ್ನ ಉಳಿ, ಕರಗಸಗಳ ಪೆಟ್ಟಿಗೆಯ ಮೇಲೆ ಕೂತಿದ್ದ, ಅದು ತೋಯಬಾರದೆಂದು. ನನ್ನನ್ನು ಕಂಡು ಎದ್ದು ನಿಂತ.

"ಹತಿಯಾರ ಎಲ್ಲಾ ಉಳದಾವ್ರಿ ಸರ್. ಇವರಿಗೊಂದು ನೆಳ್ಳ ನೋಡಿ ನಾಳಿ ಕೆಲಸಕ್ಕ ಬರತೇನ್ರಿ," ಎಂದ.

ಎಲ್ಲಿ ನೋಡುತ್ತೀ ಎಂದು ಕೇಳಿದೆ. ಅವನು ತಾಡಪಾಲಿನ ಸಡಿಲವಾದ ಹಗ್ಗ ಬಿಗಿಯತೊಡಗಿದ. ರೇಣುಕಾ ಒಂದು ಹೊಲಿಗೆ ಯಂತ್ರಕ್ಕೆ ತನ್ನ ದುಪಟ್ಟಾ ಹೊದಿಸಿ ಹಿಡಿದುಕೊಂಡಿದ್ದಳು. ಅದರ ಚಕ್ರ ಮುರಿದಿತ್ತು. ನಾನು ಹೆಚ್ಚು ಯೋಚಿಸಲಿಲ್ಲ. "ಸಾಮಾನು ಟೆಂಪೋಕ್ಕ ಹಾಕ್ರಿ," ಎಂದೆ.

ಹೀಗೆ ಮಾನಪ್ಪನ ಮನೆಯವರು, ಅವನ ತಮ್ಮನ ಮನೆಯವರು, ಬಂದರಿನಲ್ಲಿ ಕೂಲಿ ಮಾಡುತ್ತಿದ್ದ ನೆರೆಮನೆಯವರು ನಮ್ಮ ಗೂಢಚಾರರ ಹೊಟೇಲಿಗೆ ಬಂದು ಇಳಿದರು. ಮೂರು ಕೋಣೆಗಳ ತೆರೆದ ಬದಿಗೆ ಸೆಟ್ಟಿನದೇ ಪರದೆ ಕಟ್ಟಿಕೊಟ್ಟೆ. ಒಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಅಡುಗೆ ಹಿಂದಿನ ಚಪ್ಪರದಲ್ಲಿ. ಗಂಗವ್ವ ಮೊದಲ ದಿನವೇ, ನಾವು ಬಣ್ಣದಲ್ಲಿ ಬಿಡಿಸಿದ್ದ ಹಳೆಯ ಕಾಲದ ನೆಲವನ್ನು ಒರೆಸಿ ಸ್ವಚ್ಛ ಮಾಡಿಬಿಟ್ಟಳು. ಬೇಕೆಂದೇ ಹಚ್ಚಿದ್ದ ಹಳೆಯ ಕೊಳೆಯನ್ನು ಪೇಂಟರುಗಳು ಮತ್ತೆ ಹಚ್ಚಬೇಕಾಯಿತು. ಬಾಯ್ನಾ ಬಿಟ್ಟ ಮೇಲೆ ಎಲ್ಲರೂ ನಕ್ಕಿದ್ದು ಆವತ್ತೇ.

ಒಂದು ವಾರದಲ್ಲಿ ಯೂನಿಟ್ಟಿನ ಕಂಟ್ರೋಲರ್ ಬಂದರು. ಚಿತ್ರೀಕರಣದ ವೇಳೆ, ವಾಹನ, ಊಟ, ವಸತಿ ಎಲ್ಲ ನೋಡಿಕೊಳ್ಳುವ ಅಧಿಕಾರಿ ಅವರು. ಕೆಟ್ಟ ಮನುಷ್ಯರಲ್ಲ. ಶೂಟಿಂಗ್ ಹಿಂದೆ ಮುಂದೆ ಆಗುವಂತಿಲ್ಲ, ನಾಳಿದ್ದು ದೊಡ್ಡ ದೀಪಗಳು ಬರುತ್ತವೆ, ನೆಲದ ತುಂಬ ಕರೆಂಟಿನ ತಂತಿ ಹರಿಯುತ್ತದೆ, ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಹಿಂದಿಯಲ್ಲಿ ಕೇಳಿದರು. ಅವರ ಮಾತು ಸರಿಯಾಗಿಯೇ ಇತ್ತು. ಉಸಗಾಂವದಲ್ಲಿ ನಾನು ಬಾಡಿಗೆ ಕೋಣೆಗಳಿಗಾಗಿ ಆಗಲೇ ಅಲೆದಿದ್ದೆ. ಅದಿರಿನ ಲಾರಿಗಳ ಊರು ಅದು, ದನದ ಕೊಟ್ಟಿಗೆಯಲ್ಲೂ ಡ್ರೈವರುಗಳಿದ್ದರು. ನಾಳೆಯೊಳಗೆ ಖಾಲಿ ಮಾಡಿಸಬೇಕು, ಇಲ್ಲವಾದರೆ ಮುಂಬೈಗೆ ತಿಳಿಸುತ್ತೇನೆ ಎಂದು ಅವರು ಹೇಳಿಹೋದರು. ನಾನು ಮೇಡಂಗೆ ಫೋನ್ ಮಾಡಿ ಇದ್ದುದನ್ನು ಇದ್ದಂತೆ ಹೇಳಿದೆ. ಅವರು "ಹೂಂ" ಎಂದು ಫೋನ್ ಇಟ್ಟರು. ಕೆಲಸ ಹೋಯಿತೆಂದೇ ತಿಳಿದೆ. ಮಾನಪ್ಪನಿಗೂ ವಿಷಯ ಗೊತ್ತಾಗಿತ್ತು. ಅವನು ಸಾಮಾನು ಕಟ್ಟತೊಡಗಿದ.

ಮರುದಿನ ಬೆಳಿಗ್ಗೆ ಮೇಡಂ ಒಬ್ಬರೇ ಬಂದರು. ನಾನು ಅಂಗಳದಿಂದ ಓಡಿ ಬರುವಷ್ಟರಲ್ಲಿ ಅವರು ಹೊಟೇಲಿನ ಬಾಗಿಲಲ್ಲಿದ್ದರು. ಅವರಾರೆಂದು ಗಂಗವ್ವನಿಗೆ ಗೊತ್ತಿರಲಿಲ್ಲ.

"ಚಪ್ಪಲಿ ಅಲ್ಲೇ ಬಿಟ್ಟು ಬರ್ರಿ ಅಕ್ಕಾರ, ಹೊರಗ ಭಾಳ ರಾಡಿ ಐತಿ," ಎಂದಳು.

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು, ಗೂಢಚಾರಿಣಿಯ ಮಂಚದ ಮೇಲೆ ಕೂತರು. ಕಟ್ಟಿದ ಗಂಟುಗಳು ಸುತ್ತ ಇದ್ದವು. ಗಂಗವ್ವ ಚಹಾ ತಂದುಕೊಟ್ಟಳು.

"ಇಲ್ಲೆ ಹ್ಯಾಂಗ ಅನಸ್ತದ ನಿಮಗ?" ಮೇಡಂ ಕೇಳಿದರು.

"ನೆಳ್ಳ ಚಲೋ ಐತ್ರಿ. ಆದ್ರ ಇವು ನೋಡಾಕ ಗ್ವಾಡಿ ಅಷ್ಟ. ಆಚಿ ಕ್ವಾಣ್ಯಾಗ ಉಸರು ಬಿಟ್ರ ಈಚಿ ಕಡಿ ಕೇಳತೈತಿ. ಆಚಿ ಕಡಿ ಚಿಗವ್ವನ ಕೂಡ ಮಲಗೂ ನನ್ನ ಮಗಳು ಮಿಷನ್ ಮುರಿತಂತ ಅಳತಾಳ್ರಿ. ನಮಗ ಕೇಳಬಾರದಂತ ಬಾಯಾಗ ದುಪಟ್ಟಾ ತುರಕೊಂಡು ಅಳತಾಳು. ಕೇಳಿಸಿಲ್ಲ ಅನ್ನೂವಂಗ ನಾನೂ ಮಲಗತೇನಿ. ಏನ ಮಾಡೂದ್ರಿ?"

ಮೇಡಂ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಎದ್ದು, ಆ ಪ್ಲೈವುಡ್ ಗೋಡೆಗೆ ಕಿವಿ ಹಚ್ಚಿ ನಿಂತರು. ಆಚೆ ಮಾನಪ್ಪನ ತಮ್ಮನ ಹೆಂಡತಿ ಮಗುವಿಗೆ ಏನೋ ಹೇಳುತ್ತಿದ್ದಳು, ಬಳೆಯ ಸದ್ದು ಕೂಡ ಸ್ಪಷ್ಟವಾಗಿತ್ತು.

ಅಂಗಳಕ್ಕೆ ಬಂದು ಅವರು ಕೆಫೆಯ ಕಲ್ಲು, ಹೆಂಚುಗಳ ರಾಶಿಯನ್ನು ನೋಡಿದರು.

"ಶ್ರೀಪಾದ, ಇದರಾಗ ಮೂರು ಖೋಲಿ ಆಗತಾವೇನು? ನಾಕೂ ಕಡೆ ಗ್ವಾಡಿ ಇರೋವು?"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಆಗತಾವ್ರಿ ಮೇಡಂ. ಆದ್ರ ಕೆಫೆ?"

"ಕೆಫೆ ಇಲ್ಲ."

ಆ ಹೊತ್ತಿಗೆ ಕಂಟ್ರೋಲರ್ ಕೂಡ ಬಂದಿದ್ದರು. ಎಲ್ಲರೂ ಕಾಯುತ್ತಿರುವುದೇ ಆ ದೃಶ್ಯಕ್ಕಾಗಿ, ಚಾನೆಲ್‌ನವರಿಗೆ ಅದರ ಚಿತ್ರಗಳನ್ನೂ ತೋರಿಸಿಯಾಗಿದೆ, ಅದಿಲ್ಲದೆ ಹೋದರೆ ಧಾರಾವಾಹಿಯನ್ನೇ ಕೈಬಿಟ್ಟಾರು ಎಂದು ಅವರು ಗಾಬರಿಯಿಂದ ಹೇಳಿದರು. ಬೇರೆ ದೃಶ್ಯ ಸಿಕ್ಕಿದೆ, ಮುಂಬೈಗೆ ತಾನೇ ಮಾತಾಡುತ್ತೇನೆ, ಕೋಣೆಗಳು ಎದ್ದು ಇವರು ಅಲ್ಲಿಗೆ ಹೋಗಲು ಎರಡು ದಿನ ಬೇಕು ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಒಂದು ಕೆಫೆ ಇಲ್ಲದ ಕಥಿ ಹೇಳ್ಲಿಕ್ಕೆ ಬರಲಿಲ್ಲ ಅಂದ್ರ ಇಷ್ಟ ವರ್ಷ ನಾ ಕಲತದ್ದರ ಏನು?" ಎಂದರು. ಆ ಧಾರಾವಾಹಿ ನಿಂತಿದ್ದರೆ ಅವರಿಗೆ ಇನ್ನೊಂದು ಸಿಗುವುದು ಕಷ್ಟವಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಗೋದಾಮಿನ ಮಾಲೀಕರು ಬಂದು ನೋಡಿ, ಬೇರೆ ನೆಲೆ ಸಿಗುವವರೆಗೆ ಇರಲಿ ಎಂದು ಕೊಂಕಣಿಯಲ್ಲಿ ಹೇಳಿ, ಗಾರೆ ಕೆಲಸಕ್ಕೆ ತಮ್ಮ ಇಬ್ಬರು ಆಳುಗಳನ್ನೂ ಕಳಿಸಿದರು. ಹಿಂಬದಿಯ ಎತ್ತರದ ಜಾಗದಲ್ಲಿ, ತಂತಿ ದೀಪಗಳಿಂದ ದೂರ, ಕೋಣೆಗಳು ಏಳತೊಡಗಿದವು. ಮಾನಪ್ಪನ ಕೈ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಮೇಲ್ಛಾವಣಿಯ ಪಕಾಸಿಯನ್ನು ಕೂಡಿಸುತ್ತ ಅವನು ಒಮ್ಮೆ ಕೆಳಗೆ ನಿಂತಿದ್ದ ನನ್ನನ್ನು ಕೇಳಿದ: "ಸರ್, ಇದನ್ನ ಯಾವತ್ತ ಬಿಚ್ಚಬೇಕ್ರಿ?" ಸೆಟ್ಟಿನ ಕೆಲಸದಲ್ಲಿ ಬಡಗಿ ಮೊದಲು ಕೇಳುವ ಪ್ರಶ್ನೆ ಅದು, ಅದರ ಮೇಲೆ ಮೊಳೆ ಎಷ್ಟು ಆಳಕ್ಕೆ ಹೊಡೆಯಬೇಕೆಂದು ನಿರ್ಧಾರವಾಗುತ್ತದೆ. "ಬಿಚ್ಚೂದಿಲ್ಲ ಮಾನಪ್ಪ, ಪೂರಾ ಹೊಡಿ," ಎಂದೆ. ಅವನು ಅರ್ಧ ಹೊಡೆದಿದ್ದ ಮೊಳೆಯ ಮೇಲೆ ಸುತ್ತಿಗೆ ಎತ್ತಿದ.

ಇತ್ತ ಮೇಡಂ ಮೊದಲು ಗಂಗವ್ವನ ಬಳಿ ಹೋಗಿ, "ನೀವು ಹೇಳಿದ ಗ್ವಾಡಿ ಮಾತು ನನ್ನ ಕಥ್ಯಾಗ ಹಾಕ್ಕೊಳ್ಳಲೇನು?" ಎಂದು ಕೇಳಿದರು. "ಹಾಕ್ಕೋರಿ, ಅದರಾಗೇನೈತಿ. ಆದ್ರ ನಮ್ಮ ಹುಡಿಗಿ ಹೆಸರು ಹಾಕಬ್ಯಾಡ್ರಿ," ಎಂದಳು ಗಂಗವ್ವ. ಕೆಫೆಯ ಬದಲು ಬಂದ ದೃಶ್ಯ ಇಷ್ಟೇ: ಗೂಢಚಾರಿಣಿಯ ಜೊತೆಗಾರ ಸಿಕ್ಕಿಬಿದ್ದು ಸತ್ತ ಸುದ್ದಿ ಅವಳಿಗೆ ಬಂದಿದೆ. ಪಕ್ಕದ ಕೋಣೆಗೆ ಆ ಅಧಿಕಾರಿ ಬಂದು ಇಳಿದಿದ್ದಾನೆ. ಅವಳು ಅತ್ತರೆ ಅವನಿಗೆ ಕೇಳುತ್ತದೆ. ಕೇಳಿದರೆ ಅವಳಾರೆಂದು ತಿಳಿಯುತ್ತದೆ. ಗೋಡೆಯ ಆಚೆ ಅವನು ಕುರ್ಚಿ ಎಳೆಯುತ್ತಾನೆ, ಕಡ್ಡಿ ಗೀರುತ್ತಾನೆ. ಈಚೆ ಅವಳು ಬಾಯಿಗೆ ಸೆರಗು ಒತ್ತಿ ಕೂತಿದ್ದಾಳೆ. ಮಾತೇ ಇಲ್ಲ.

ಅವರೆಲ್ಲ ಹೊಸ ಕೋಣೆಗಳಿಗೆ ಹೋದ ಮೇಲೆ ನಾನು ಆ ಗೋಡೆಯ ಪ್ಲೈವುಡ್ ತೆಗೆದು ಇನ್ನೂ ತೆಳುವಾದದ್ದನ್ನು ಹಾಕಿಸಿದೆ. ತೊಂದರೆ ಕೊಟ್ಟಿದ್ದು ಮಳೆ. ಗೋದಾಮಿನ ತಗಡಿನ ಮೇಲೆ ಅದು ಬಡಿಯುವ ಸದ್ದಿಗೆ ಶಬ್ದಗ್ರಾಹಕ ತಲೆ ಮೇಲೆ ಕೈ ಹೊತ್ತು ಕೂತ. ಮಧ್ಯಾಹ್ನ ಮಳೆ ನಿಂತಿತು. ಎಲ್ಲರೂ ಉಸಿರು ಹಿಡಿದೆವು. ಹಿಂದಿನ ಚಪ್ಪರದಲ್ಲಿ ಗಂಗವ್ವ ಕುಕ್ಕರಿನ ಸೀಟಿ ಆದೀತೆಂದು ಅದನ್ನು ಒಲೆಯಿಂದ ಇಳಿಸಿ, ಮಕ್ಕಳನ್ನೆಲ್ಲ ಮಡಿಲಿಗೆ ಎಳೆದುಕೊಂಡು ಕೂತಿದ್ದಳಂತೆ. ಒಂದೇ ಟೇಕ್. ಮೇಡಂ "ಕಟ್" ಎಂದಾಗ ಆಚೆ ಕೋಣೆಯಲ್ಲಿ ಅಧಿಕಾರಿಯ ಪಾತ್ರ ಮಾಡಿದ ನಟ ಕಣ್ಣೊರೆಸಿಕೊಳ್ಳುತ್ತಿದ್ದ. ಕಂಟ್ರೋಲರ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಅಂದು ಮಕ್ಕಳಿಗೆಲ್ಲ ಯೂನಿಟ್ಟಿನ ಊಟ ಕಳಿಸಿದವರೂ ಅವರೇ.

ಚಾನೆಲ್‌ನವರು ಧಾರಾವಾಹಿಯನ್ನು ಕೈಬಿಡಲಿಲ್ಲ. ಅದು ಪ್ರಸಾರವಾದಾಗ ಜನ ಹೆಚ್ಚು ಮಾತಾಡಿದ್ದು ಆ ಗೋಡೆಯ ದೃಶ್ಯದ ಬಗ್ಗೆಯೇ. ರೇಣುಕಾಳ ಯಂತ್ರಕ್ಕೆ ನಮ್ಮ ವಸ್ತ್ರ ವಿಭಾಗದವರು ಹೊಸ ಚಕ್ರ ಹಾಕಿಸಿಕೊಟ್ಟರು. ಉಳಿದ ಕಂತುಗಳ ಸೈನಿಕರ ಸಮವಸ್ತ್ರಗಳನ್ನೆಲ್ಲ ಹೊಲಿದವಳು ಅವಳೇ. ಮುಂದಿನ ವರ್ಷ ಮಾನಪ್ಪ ಸಾವರ್ಡೆಯಲ್ಲಿ ಸ್ವಂತ ಫರ್ನಿಚರ್ ಅಂಗಡಿ ಹಾಕಿ ಅಲ್ಲಿಗೆ ಮನೆ ಬದಲಿಸಿದ. ಉಳಿದವರಿಗೂ ವಾಸ್ಕೋದಲ್ಲಿ ನೆಲೆ ಸಿಕ್ಕಿತು. ಮೇಡಂ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾರೆ. ಆ ಎರಡು ದಿನಗಳ ಬಗ್ಗೆ ಧನ್ಯವಾದ ಹೇಳಲು ಹೋದರೆ ಮಾತು ತಿರುಗಿಸಿ ನನ್ನ ಮಂಡಿನೋವಿನ ವಿಚಾರ ಕೇಳುತ್ತಾರೆ.

ಅವರಿಂದ ನಾನು ಕಲಿತದ್ದನ್ನು ಹೀಗೆ ಹೇಳಬಹುದು: ಕಥೆಗೆ ಬೇಕಾದದ್ದನ್ನು ಬಿಟ್ಟುಕೊಟ್ಟರೆ ಕಥೆ ಬಡವಾಗುವುದಿಲ್ಲ, ಬಿಟ್ಟುಕೊಡುವ ಧೈರ್ಯ ಕಥೆ ಹೇಳುವವರಲ್ಲಿರಬೇಕು ಅಷ್ಟೇ. ಎದುರಿಗಿದ್ದ ಮನುಷ್ಯರನ್ನು ಅವರು ಮೊದಲು ನೋಡಿದರು. ದೃಶ್ಯ ಆಮೇಲೆ ಬಂತು.

೨೦೧೧ರಲ್ಲಿ ಬೇರೊಂದು ಕೆಲಸಕ್ಕೆ ಆ ಕಡೆ ಹೋದಾಗ ಉಸಗಾಂವದಲ್ಲಿ ಗಾಡಿ ನಿಲ್ಲಿಸಿದೆ. ಗೋದಾಮಿನ ತುಂಬ ಲಾರಿಯ ಟೈರುಗಳು. ಹಿಂದೆ ಆ ಮೂರು ಕೋಣೆಗಳು ಹಾಗೇ ಇದ್ದವು. ಮಾಲೀಕರು ಅವನ್ನು ಕೆಡವದೆ ತಮ್ಮ ಡ್ರೈವರುಗಳಿಗೆ ಕೊಟ್ಟಿದ್ದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ವಿಜಯಪುರ ಕಡೆಯ ಹೆಣ್ಣುಮಗಳೊಬ್ಬಳು ಯಾರು ಬೇಕೆಂದು ಕೇಳಿದಳು.

"ಯಾರೂ ಇಲ್ಲವ್ವಾ. ಮಳಿಗಾಲದಾಗ ಈ ಮನಿ ಸೋರತದೇನು, ಕೇಳೋಣಂತ ಬಂದೆ," ಎಂದೆ.

ಅವಳಿಗೆ ನನ್ನ ಪ್ರಶ್ನೆ ವಿಚಿತ್ರವೆನಿಸಿರಬೇಕು. ಆದರೂ ಒಮ್ಮೆ ಹೆಂಚಿನ ಕಡೆ ನೋಡಿ ಹೇಳಿದಳು:

"ಇಲ್ರೀ. ಒಂದ ಹನಿ ಒಳಗ ಬರಂಗಿಲ್ಲ. ಯಾರೋ ಭಾಳ ಮನಸಿಟ್ಟು ಕಟ್ಯಾರ್ರಿ."